ಮಧ್ಯಾಹ್ನದ ಪಾಲು

ಹುಬ್ಬಳ್ಳಿ, ಫೆಬ್ರುವರಿ ೩೦, ೨೧೮೭

ಸಂಬಳದ ಚೀಟಿ ಹಿಡಿದು ಬಾಡಿಗೆ ಮನೆ ಹುಡುಕುತ್ತಿರುವ ನನ್ನ ಹಿರಿಯರಿಗೆ ಈರಸಂಗಪ್ಪನ ವಂದನೆಗಳು.

ಇಂಥ ತಾರೀಖು ನಿಮ್ಮಲ್ಲಿಲ್ಲ. ಬಾಡಿಗೆ ವಸೂಲಿಗೆ ಅನುಕೂಲವೆಂದು ನಮ್ಮವರು ಎಲ್ಲ ತಿಂಗಳುಗಳನ್ನೂ ಮೂವತ್ತು ದಿನಕ್ಕೆ ಸರಿಮಾಡಿದ್ದಾರೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಮನ್ನಿಸಿ, ಬೇರೆ ಮಾತುಗಳು ನನ್ನ ಬಳಿ ಇಲ್ಲ.

ನಮ್ಮಲ್ಲಿ ಯಾರ ಸಂಬಳವೇ ಆಗಲಿ, ಅದನ್ನು ಹತ್ತು ಪಾಲೆಂದು ಎಣಿಸುತ್ತಾರೆ. ಗೋಡೆಗಳಿಗೆ ಬಾಡಿಗೆ ಬೇರೆ, ತಂಪಿಗೆ ಬೇರೆ. ಗೋಡೆಯೊಳಗಿನ ಕೊಳವೆಗಳಲ್ಲಿ ಹರಿಯುವ ತಣ್ಣೀರನ್ನೇ ನಾವು ತಂಪು ಎನ್ನುವುದು; ಅದನ್ನು ಹಗಲಿಗೊಂದು ಪಾಲು, ರಾತ್ರಿಗೊಂದು ಪಾಲು ಕೊಟ್ಟು ಕೊಳ್ಳಬೇಕು. ಎಲ್ಲ ಖರ್ಚು ಕಳೆದು ಒಂದು ಪಾಲು ಉಳಿಯದಿದ್ದರೆ ನಗರದೊಳಗೆ ಮನೆ ಇಲ್ಲ. ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ಕಟ್ಟಡದ ನೆರೆಹೊರೆಯವರ ಎದುರು ವಾದಿಸಿ ತೀರ್ಮಾನಿಸುತ್ತಾರೆ. ಇದಕ್ಕೆ ಸಾಲುವಾದ ಎಂದು ಹೆಸರು. ಸಂಬಳ ಸಾಲುತ್ತದೆ ಎಂದು ಬಾಡಿಗೆದಾರರು ವಾದಿಸಬೇಕು, ಸಾಲದು ಎಂದು ಅವರ ಹತ್ತಿರದ ಬಂಧುವೇ ವಾದಿಸಬೇಕು. ಮನೆಯ ಗುಟ್ಟು ಮನೆಯವರಿಗಲ್ಲದೆ ಇನ್ನಾರಿಗೆ ಗೊತ್ತು? ಬಂಧು ಬೇಕೆಂದೇ ಸಡಿಲಾಗಿ ವಾದಿಸಿದನೆಂದು ಸಭೆಗೆ ಅನ್ನಿಸಿದರೆ ಮನೆ ತಪ್ಪಿದಂತೆಯೇ.

ನನ್ನ ಮಗ ಚನ್ನವೀರ ತಂಪಿನ ಕೊಳವೆಗಳನ್ನು ದುರಸ್ತಿ ಮಾಡುತ್ತಿದ್ದ. ಕಳೆದ ಬೇಸಿಗೆಯಲ್ಲಿ ಬೇರೊಬ್ಬರ ಮಾಳಿಗೆಯ ಮೇಲೆ ಬಿಸಿಲು ಬಡಿದು ತೀರಿಕೊಂಡ. ಎರಡು ಸಂಬಳಕ್ಕೆ ಹಿಡಿದಿದ್ದ ಮನೆಯನ್ನು ಒಂದರಲ್ಲಿ ಉಳಿಸಿಕೊಳ್ಳಲು ಸೊಸೆ ಶಾಂಭವಿ ಅರ್ಜಿ ಹಾಕಿದಳು. ಅವಳು ನೀರು ಪರೀಕ್ಷಿಸುವ ಕಚೇರಿಯಲ್ಲಿ ನೌಕರಿ ಮಾಡುತ್ತಾಳೆ. ಚನ್ನವೀರ ಓಡಾಡಿದ ಮನೆ ಇದೊಂದೇ. ಇದು ಹೋದರೆ ಊರಾಚೆಯ ಸಾಲುಕೋಣೆಗಳೇ ಗತಿ. ವಿರೋಧಿಸಬೇಕಾದ ಬಂಧು ನಾನು.

ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಪಟು. ಯಾವ ಪಕ್ಷ ಕೊಟ್ಟರೂ ಗೆಲ್ಲಿಸುತ್ತಿದ್ದೆ. ಅವಳ ಲೆಕ್ಕ ಕೇಳಿದೆ: ಮನೆಗೆ ಐದು, ತಂಪಿಗೆ ಎರಡು, ಅನ್ನ ನೀರಿಗೆ ಎರಡು, ಮಾವನ ಔಷಧಿಗೆ ಒಂದು. ಉಳಿಕೆ ಸೊನ್ನೆ. ವೃದ್ಧರಿಗೆ ಸರಕಾರದ ವಸತಿ ಇರುವಾಗ ಮಾವ ಅನಗತ್ಯ ವೆಚ್ಚ. ಆ ಪಾಲನ್ನು ಹೊಡೆದುಹಾಕದೆ ಈ ಸಂಬಳ ಸಾಲದು ಎಂದು ಸಭೆಯ ಮುಂದೆ ಸ್ಪಷ್ಟವಾಗಿ ಮಂಡಿಸಿದೆ. ಅಧ್ಯಕ್ಷತೆ ವಹಿಸಿದ್ದ ಪಕ್ಕದ ಮನೆಯ ಬಸಲಿಂಗವ್ವ, ಸೊಸಿ ಮ್ಯಾಲಿನ ಸಿಟ್ಟು ತೀರಿಸಿಕೊಳ್ಳಾಕ ಇದು ಜಾಗಾ ಅಲ್ಲ ಯಜಮಾನ್ರ ಎಂದು ಚುಚ್ಚಿದಳು. ನಾನು ಲೆಕ್ಕಿಸಲಿಲ್ಲ. ವಾದದಲ್ಲಿ ಲೋಪವಿದ್ದರೆ ತೋರಿಸಲಿ ಎಂದೆ.

ಶಾಂಭವಿ ಎದ್ದು ನಿಂತಳು. "ಆ ಪಾಲು ಬಿಟ್ಟು ಬ್ಯಾರೆ ಕೇಳ್ರಿ, ಮಾವಾರ" ಎಂದಳು. ಆಮೇಲೆ ಸಭೆಯ ಕಡೆ ತಿರುಗಿ ಹಗಲಿನ ತಂಪನ್ನು ಬಿಟ್ಟುಕೊಟ್ಟಳು. ಕಚೇರಿ ಬೆಳಗಿನ ಹೊತ್ತಷ್ಟೇ. ಮಧ್ಯಾಹ್ನದ ಉರಿಯಲ್ಲಿ ಇಬ್ಬರೂ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂರುವುದು, ಅಲ್ಲಿ ತಂಪಿಗೆ ಕಾಸಿಲ್ಲ ಎಂದು ವಿವರಿಸಿದಳು. ಒಂದು ಪಾಲು ಉಳಿಯಿತು.

ಗ್ರಂಥಾಲಯಕ್ಕೆ ಸೋಮವಾರ ರಜೆ ಎಂಬುದು ನನಗೆ ತಿಳಿದಿತ್ತು. ತಿಳಿದದ್ದನ್ನು ನುಂಗಿಕೊಂಡು ಕೂರುವುದು ನನ್ನಿಂದ ಆಗದು. ಆಗಿದ್ದರೂ ಬಸಲಿಂಗವ್ವನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಸೋಮವಾರ ಏನು ಮಾಡುವಿರಿ ಎಂದು ಕೇಳಿದೆ.

"ಸೋಮವಾರ ಇಬ್ರೂ ಕೂಡಿ ಬೆವರ್ತೇವ್ರಿ" ಎಂದಳು.

ಸಭೆ ನಕ್ಕಿತು. ಬಸಲಿಂಗವ್ವ ನಗದೆ ನನ್ನನ್ನೇ ನೋಡಿ, ಇನ್ನೇನಾದರೂ ಉಳಿದಿದೆಯೇ ಎಂದಳು. ನಾನು ಹುಡುಕಿದೆ, ಪ್ರಾಮಾಣಿಕವಾಗಿಯೇ ಹುಡುಕಿದೆ. ಏನೂ ಸಿಗಲಿಲ್ಲ, ಕುಳಿತೆ. ಮನೆ ನಮಗೆ ಉಳಿಯಿತು.

ಹಿರಿಯರೇ, ಸೋತದ್ದಕ್ಕೆ ನನಗೆ ದುಃಖವಿಲ್ಲ, ಆಯಾಸವಿದೆ. ಬದುಕಿರುವವರನ್ನು ಒಬ್ಬೊಬ್ಬರನ್ನಾಗಿ ಕಳೆದು ನೋಡುವ ಲೆಕ್ಕ ಯಾರನ್ನಾದರೂ ದಣಿಸುತ್ತದೆ. ಆ ಲೆಕ್ಕ ನಿಮ್ಮಲ್ಲಿ ಆಗಲೇ ಶುರುವಾಗಿರಬಹುದು. ಅದನ್ನು ನಿಲ್ಲಿಸಿರೆಂದು ಕೇಳುವಷ್ಟು ನಂಬಿಕೆ ನನಗೆ ಉಳಿದಿಲ್ಲ. ಒಂದು ಚಿಕ್ಕ ಕೋರಿಕೆ ಮಾತ್ರ: ಕಾಸು ಕೊಡದೆ ಯಾರು ಬೇಕಾದರೂ ಬಂದು ಕೂರಬಹುದಾದ ಕೊಠಡಿಯೊಂದು ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ, ಅದನ್ನು ಮುಚ್ಚಲು ಬಿಡಬೇಡಿ. ಸಾಧ್ಯವಾದರೆ ಸೋಮವಾರವೂ ತೆರೆದಿಡಿ.