ಬಾಯಿ ಮುಕ್ಕಳಿಸಿ ಬಂದವರು

ಅವ್ವಾ,

ಈ ಪತ್ರವನ್ನು ಯಾವ ಡಬ್ಬಿಗೂ ಹಾಕುವುದಿಲ್ಲ. ಆದರೂ ಇವತ್ತಿನ ಸಮಾಚಾರ ನಿನಗೇ ಹೇಳಬೇಕು.

ಹೊಗೆಸೊಪ್ಪು ಬಾಯಿಗೆ ಏನು ಮಾಡುತ್ತದೆಂಬ ನಮ್ಮ ಸಂಶೋಧನೆಗಾಗಿ ಗೆಂಡೆಹಳ್ಳಿ ಕಡೆ ಹೋಗಿದ್ದೆ. ಜಗಲಿಯ ಮೇಲೆ ಕೂರಿಸಿ ಕೇಳಿದರೆ ಒಬ್ಬ ಹೆಂಗಸೂ ಹಾಕುತ್ತೇನೆ ಅನ್ನಲಿಲ್ಲ. ಅವರು ಹೇಳಿದ್ದನ್ನೇ ಬರೆದುಕೊಂಡರೆ, ಊರಿಗೆ ಊರೇ ಹೊಗೆಸೊಪ್ಪು ಮುಟ್ಟಿಲ್ಲವೆಂದು ವರದಿಯಾಗುತ್ತದೆ.

ಕೊನೆಗೆ ಮುದ್ದಮ್ಮ ಎಂಬಾಕೆ ಬಾಯಿ ತೆರೆದಾಗ ಕೆನ್ನೆಯೊಳಗೆ ಬಿಳಿ ಮಚ್ಚೆ ಕಂಡಿತು. ನಿನ್ನ ಜೀವ ತೆಗೆದದ್ದರಂತೆ ಹುಣ್ಣಾಗಿರಲಿಲ್ಲ, ಇನ್ನೂ ಕಾಲ ಮಿಂಚಿಲ್ಲ.

"ಯಾಕಮ್ಮಾ, ಹಾಕಲ್ಲ ಅಂದ್ರಲ್ಲ?"

"ಹೆಂಗ್ ಹೇಳಾದು ತಾಯಿ? ಡಾಕ್ಟ್ರಮ್ಮ ಬತ್ತಾರೆ ಅಂತ ಎಲ್ರೂ ಉಗುದು, ಬಾಯಿ ಮುಕ್ಕಳಿಸ್ಕೊಂಡು ಬಂದ್ವಿ. ಓದಿದೋರ ಮುಂದೆ ಜಗೀತಾ ಕೂತ್ರೆ ಮರ್ವಾದೆ ಐತಾ?"

ಸೋಮವಾರ ಅವಳನ್ನು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ವಾಪಸು ಬರುವಾಗ ಬಸ್ಸಿನಲ್ಲಿ ನೆನಪಾಯಿತು. ಡೆಂಟಲ್ ಕಾಲೇಜಿನಿಂದ ರಜೆಗೆ ಬಂದಾಗಲೆಲ್ಲ ನನಗೆ ಮೊದಲು ಕೇಳಿಸುತ್ತಿದ್ದುದು, ಬಚ್ಚಲಲ್ಲಿ ನೀನು ಬಾಯಿ ಮುಕ್ಕಳಿಸುವ ಸದ್ದು. ಆಮೇಲೆ ಸೆರಗಿನಿಂದ ತುಟಿ ಒರೆಸಿಕೊಂಡು ಹೊರಗೆ ಬಂದು, "ಬಂದ್ಯಾ ಮಗಾ" ಅನ್ನುತ್ತಿದ್ದೆ.