ನನ್ನ ಗಂಡ ತೀರಿಕೊಂಡ ಮೇಲೂ ಟಾನಿಕ್ ಮಾರುತ್ತಿದ್ದಾರೆ

ಜಾಹೀರಾತುಗಳ ಮೇಲೆ ಕಣ್ಣಿಡಬೇಕಾದ ಕಚೇರಿಯ ಮುಖ್ಯಾಧಿಕಾರಿಗಳೇ,

‘ಮಾನ್ಯರೇ’ ಎಂದು ಶುರುಮಾಡುವುದು ವಾಡಿಕೆ. ಹಾಗೆ ಶುರುಮಾಡಿದ ನನ್ನ ಅರ್ಜಿಗೆ ಆದ ಗತಿ ನೋಡಿ ಈ ಸಲ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ವಿಷಯ ಇಷ್ಟೇ. ನನ್ನ ಗಂಡ ಕಳೆದ ವರ್ಷ ಕಿಡ್ನಿ ಕಾಯಿಲೆಯಿಂದ ತೀರಿಕೊಂಡರು. ಆದರೂ ದಿನವೂ ಟಿವಿಯಲ್ಲಿ, ಜನರ ಮೊಬೈಲಿನಲ್ಲಿ ಕಾಣಿಸಿಕೊಂಡು, ಕಿಡ್ನಿ ಕಾಯಿಲೆ ವಾಸಿಯಾಗಲು ಟಾನಿಕ್ ಕುಡಿಯಿರಿ ಎನ್ನುತ್ತಿದ್ದಾರೆ. ಇದರಲ್ಲಿ ಕಾನೂನಿನ ಉಲ್ಲಂಘನೆ ಏನೂ ಇಲ್ಲವೆಂದು ತಾವು ಆದೇಶ ಹೊರಡಿಸಿದ್ದೀರಿ.

ಅವರು ಲಿಫ್ಟ್ ರಿಪೇರಿ ಮಾಡುತ್ತಿದ್ದವರು. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ಯಾರೋ ಹೇಳಿದರೆಂದು ಆ ಟಾನಿಕ್ಕನ್ನೂ ಕುಡಿಯುತ್ತಿದ್ದರು. ನಡುವೆ ಕೆಲವು ವಾರ ಮುಖಕ್ಕೆ ಕಳೆ ಬಂತು. ಔಷಧಿ ಅಂಗಡಿಯವರಿಂದ ವಿಷಯ ತಿಳಿದ ಟಾನಿಕ್ ಕಂಪನಿಯವರು ಹುಡುಕಿಕೊಂಡು ಬಂದರು. ಯಾರದೋ ದೊಡ್ಡ ಮನೆಯಲ್ಲಿ ಚಿತ್ರೀಕರಣ. ಇವರಿಗೆ ಯಾರದೋ ಸ್ವೆಟರ್ ಹಾಕಿಸಿದರು, ಪಕ್ಕದಲ್ಲಿ ಹೆಂಡತಿ ಎಂದು ಒಬ್ಬ ನಟಿಯನ್ನು ಕೂರಿಸಿದರು. ನನಗೆ, “ನೀವು ತುಂಬಾ ಸುಸ್ತಾದ ಹಾಗೆ ಕಾಣ್ತೀರಮ್ಮ, ಆ ಕಡೆ ಕೂತ್ಕೊಳ್ಳಿ” ಎಂದರು. ದೀಪಗಳ ಹಿಂದೆ, ವೈರುಗಳ ನಡುವೆ ಕೂತು ನೋಡಿದೆ. ಮನೆಗೆ ಬರುವಾಗ ಇವರು, “ಹೊಸ ಹೆಂಡ್ತಿ ವಾಸಿ ಕಣೇ, ಮಾತೇ ಆಡಲ್ಲ” ಎಂದು ರೇಗಿಸಿದ್ದರು. ಅಂದು ಕ್ಯಾಮೆರಾ ಮುಂದೆ ಅವರು ಹೇಳಿದ್ದು ಒಂದೇ ಮಾತು: “ಈಗ ಸ್ವಲ್ಪ ಆರಾಮ ಅನ್ನಿಸ್ತಿದೆ.” ಇನ್ನೂ ಜಾಸ್ತಿ ಹೇಳಿ ಎಂದು ಎಷ್ಟು ಒತ್ತಾಯಿಸಿದರೂ ಹೇಳಲಿಲ್ಲ. ಸುಳ್ಳು ಅವರ ನಾಲಿಗೆಗೆ ಬರುತ್ತಿರಲಿಲ್ಲ.

ಸತ್ತ ಮೇಲೆ ಬಂತು. ಅದೇ ಮುಖ, ಅದೇ ಸ್ವೆಟರ್, ಅದೇ ಗಂಟಲು: “ಡಯಾಲಿಸಿಸ್ ಬಿಟ್ಟುಬಿಟ್ಟೆ. ಈಗ ಪೂರ್ತಿ ಗುಣವಾಗಿದ್ದೀನಿ.” ಕಂಪ್ಯೂಟರಿನಲ್ಲಿ ತಯಾರಿಸಿದ ಮಾತಂತೆ. ಮೊದಲ ಸಲ ಕೇಳಿದಾಗ ನನ್ನ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದೆ. ಆ ಕ್ಷಣ ನನಗೆ ಸಿಟ್ಟು ಬರಲಿಲ್ಲ, ಸಂತೋಷವಾಯಿತು. ಆ ಸಂತೋಷಕ್ಕಾಗಿಯೂ ಕಂಪನಿಯವರನ್ನು ಕ್ಷಮಿಸಲಾರೆ.

ನಾನು ಬಟ್ಟೆ ಹೊಲಿಯುವವಳು. ಒಮ್ಮೆ ಒಬ್ಬಾಕೆ ಗಂಡನ ಪ್ಯಾಂಟುಗಳನ್ನು ತಂದು ಸೊಂಟ ಚಿಕ್ಕದು ಮಾಡಿಕೊಡಿ ಎಂದರು. ಏಕಿಷ್ಟು ಇಳಿದಿದ್ದಾರೆ ಎಂದೆ. “ಕಿಡ್ನಿ ತೊಂದರೆ ಅಮ್ಮ. ಡಯಾಲಿಸಿಸ್ ನಿಲ್ಲಿಸಿದ್ದೀವಿ, ಇದನ್ನ ಕುಡೀತಿದ್ದಾರೆ” ಎಂದು ಮೊಬೈಲ್ ತೋರಿಸಿದರು. ನನ್ನ ಗಂಡ ಮಾತಾಡುತ್ತಿದ್ದರು.

“ಇವರು ನಮ್ಮ ಯಜಮಾನ್ರು. ಅದೇ ಕಾಯಿಲೇಲಿ ಹೋಗ್ಬಿಟ್ರು. ದಯವಿಟ್ಟು ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ” ಎಂದೆ.

ಆಕೆ ತೆರೆಯ ಮೇಲಿನ ನಟಿಯನ್ನು ನೋಡಿದರು, ನನ್ನನ್ನು ನೋಡಿದರು. “ಅವರ ಹೆಂಡ್ತಿ ಇಲ್ಲೇ ಇದ್ದಾರಲ್ಲಮ್ಮ?” ಎಂದು ಪ್ಯಾಂಟುಗಳನ್ನು ಮಡಚಿಕೊಂಡು ಹೊರಟೇಬಿಟ್ಟರು. ಬೀದಿ ಕೊನೆಯವರೆಗೂ ಹಿಂದೆ ಓಡಿದೆ. ಆಕೆ ತಿರುಗಿ ನೋಡಲಿಲ್ಲ.

ಮರುದಿನವೇ ತಮ್ಮ ಕಚೇರಿಗೆ ದೂರು ಕೊಟ್ಟೆ. ವಿಚಾರಣೆಯಲ್ಲಿ ನಾನು ಅವರ ಹೆಂಡತಿಯೇ ಎನ್ನುವುದಕ್ಕೆ ಸಾಕ್ಷಿ ಕೇಳಿದಿರಿ. ಮದುವೆಯ ಫೋಟೋ ತಂದೆ. ಅವರು ಗುಣವಾಗಿದ್ದಕ್ಕೆ ಸಾಕ್ಷಿ ಏನೆಂದು ಕಂಪನಿಯನ್ನು ಕೇಳಿದಿರಾ? ಅವರ ರೂಪವನ್ನೂ ದನಿಯನ್ನೂ ಹೇಗೆ ಬೇಕಾದರೂ ಬಳಸಿಕೊಳ್ಳಲು ಒಪ್ಪಿಗೆ ಇದೆ ಎಂದರು ಕಂಪನಿಯ ವಕೀಲರು. ಚಿತ್ರೀಕರಣದ ದಿನ ದೀಪಗಳ ಕೆಳಗೆ ಬೆವರುತ್ತ ಇವರು ಅವಸರದಲ್ಲಿ ಹಾಕಿದ ರುಜು ಅದು. ಸತ್ತವರಿಗೆ ತಮ್ಮ ಮುಖ, ದನಿಯ ಮೇಲೆ ಹಕ್ಕೇ ಇರುವುದಿಲ್ಲ ಎಂದೂ ಅಂದರು. ಹಕ್ಕು ಇರುವುದಿಲ್ಲ, ದುಡಿಮೆ ಮಾತ್ರ ಇರುತ್ತದೆ! ತಾವು ಹೊಸ ನಿಯಮ ಓದಿದಿರಿ: ಕಂಪ್ಯೂಟರಿನಿಂದ ಮಾಡಿದ ದೃಶ್ಯಕ್ಕೆ ಹಾಗೆಂದು ಸೂಚನೆ ಹಾಕಿದ್ದರೆ ಸಾಕು. ಸೂಚನೆ ಇತ್ತು, ತೆರೆಯ ಮೂಲೆಯಲ್ಲಿ. ದಿನವಿಡೀ ಸೂಜಿಗೆ ದಾರ ಪೋಣಿಸುವ ನನ್ನ ಕಣ್ಣಿಗೂ ಅದು ಕಾಣಲಿಲ್ಲ. ‘ಗ್ರಾಹಕರಿಗೆ ಸಾಕಷ್ಟು ಮಾಹಿತಿ ನೀಡಲಾಗಿದೆ’ ಎಂದು ಬರೆದು ಕಡತ ಮುಚ್ಚಿದಿರಿ. ಯಾವ ಗ್ರಾಹಕರಿಗೆ, ಸ್ವಾಮಿ? ಬದುಕುವ ಆಸೆಯಿಂದ ಆ ಮುಖವನ್ನೇ ದಿಟ್ಟಿಸುತ್ತಿರುವವರು ಮೂಲೆ ನೋಡುತ್ತಾರೆಯೇ?

ಆದೇಶ ಬಂದ ಕೆಲವೇ ದಿನಕ್ಕೆ, ಪ್ಯಾಂಟು ತಂದಿದ್ದ ಆಕೆ ಮತ್ತೆ ಬಂದರು. ಕೈಯಲ್ಲಿ ಬಟ್ಟೆ ಇರಲಿಲ್ಲ. ಬಾಗಿಲಲ್ಲೇ ನಿಂತರು.

“ಅವತ್ತು ನೀವೇ ಸುಳ್ಳು ಹೇಳ್ತಿದ್ದೀರಿ ಅಂದ್ಕೊಂಡೆ ಅಮ್ಮ.”

“ಯಜಮಾನ್ರು?”

ಇಲ್ಲವೆಂದು ತಲೆಯಾಡಿಸಿದರು. “ಇನ್ನೊಂದು ಬಾಟ್ಲಿ ಮುಗೀಲಿ, ಆಮೇಲೆ ಆಸ್ಪತ್ರೆಗೆ ಹೋಗೋಣ ಅಂತಿದ್ರು.”

ಒಳಗೆ ಕರೆದು ಕೂರಿಸಿದೆ. ನೀರು ಕೊಟ್ಟೆ, ಕುಡಿಯಲಿಲ್ಲ. “ನಿಮ್ಮವರು ನೋಡೋಕೆ ಒಳ್ಳೆಯವರ ಥರ ಕಾಣ್ತಿದ್ರು. ಅದಕ್ಕೇ ನಂಬಿದ್ವಿ” ಎಂದರು. ನನ್ನ ಗಂಡ ಒಳ್ಳೆಯವರೇ ಆಗಿದ್ದರು.

ನನ್ನ ಬೇಡಿಕೆ ದೊಡ್ಡದಲ್ಲ. ಆ ಜಾಹೀರಾತನ್ನು ಇವತ್ತೇ ನಿಲ್ಲಿಸಿ. ಬದುಕಿದ್ದಾಗ ಆಡದ ಮಾತನ್ನು ಸತ್ತವರ ಬಾಯಿಂದ ಆಡಿಸುವುದು, ಅದರಲ್ಲೂ ಔಷಧಿಯ ಹೆಸರಿನಲ್ಲಿ, ಅಪರಾಧವೆಂದು ಬರೆಯಿರಿ. ಮೂಲೆಯ ಸೂಚನೆ ಸಾಕೆನ್ನುವ ನಿಯಮ ತೆಗೆದುಹಾಕಿ. ಅದೇ ಜಾಹೀರಾತು ಇನ್ನೂ ನಾಲ್ಕಾರು ಭಾಷೆಗಳಲ್ಲಿ ಬರಲಿದೆ ಎಂದು ಕಂಪನಿಯ ವಕೀಲರು ತಮ್ಮ ಎದುರೇ ಹೇಳಿದ್ದಾರೆ. ಗೊತ್ತಿದ್ದ ಒಂದು ಭಾಷೆಯಲ್ಲೂ ಅಳೆದು ತೂಗಿ ಮಾತಾಡುತ್ತಿದ್ದ ಮನುಷ್ಯ ನನ್ನ ಗಂಡ. ಅವರ ಮಾತು ನಂಬಬೇಡಿ ಎಂದು ಊರೂರು ಅಲೆದು ಸಾರುವ ಕೆಲಸವನ್ನು ನನ್ನ ಪಾಲಿಗೆ ಬಿಡಬೇಡಿ.

ಇಂತಿ,
ತಮ್ಮ ಆದೇಶದಲ್ಲಿ ‘ಬಾಧಿತ ವ್ಯಕ್ತಿಯಲ್ಲ’ ಎಂದು ನಮೂದಾಗಿರುವ
ಅವರ ಹೆಂಡತಿ