ತ್ರಿಕೋನ ತೋರಿಸು

ಮಾರ್ಚ್ ೯, ಭಾನುವಾರ

ಮುದ್ದು ತಂಗೀ,

ಕೋಪ ಮಾಡಿಕೊಳ್ಳಬೇಡ ಕಣೇ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಶಾಲೆಯಲ್ಲಿ ಪುರುಸೊತ್ತಿಲ್ಲ ಎಂದು ನೆಪ ಹೇಳಬಹುದು, ನೀನು ನಂಬುವವಳಲ್ಲ. ಕಾಯಿಲೆ ಪೂರ್ತಿ ವಾಸಿಯಾಗಿದೆ, ಇನ್ನು ಮಗಳನ್ನು ಕರೆದುಕೊಂಡು ಹೋಗಬಹುದು ಎಂದು ಡಾಕ್ಟರೇ ಹೇಳಿದ್ದನ್ನು ಓದಿ, ಅಡುಗೆಮನೆಯಲ್ಲಿ ನಿಂತಲ್ಲೇ ಅತ್ತುಬಿಟ್ಟೆ. ಕೈಗೂಸನ್ನು ನನ್ನ ಮಡಿಲಿಗೆ ಹಾಕಿ ನೀನು ಆಸ್ಪತ್ರೆಗೆ ಹೋದ ದಿನ, ನೀನು ಬದುಕಿ ಬಂದರೆ ಸಾಕು ಎಂದಷ್ಟೇ ಬೇಡಿಕೊಂಡಿದ್ದೆ.

ನಿನ್ನ ಚಿನಕುರುಳಿಗೆ ಈಗ ನಮ್ಮ ಮಾಂಟೆಸರಿ ತರಗತಿಯ ಆಕಾರಗಳ ಹುಚ್ಚು. ಎಲ್ಲ ಮರದವು, ಒಂದೊಂದಕ್ಕೂ ಎತ್ತಲು ಪುಟ್ಟ ಹಿಡಿ, ಕೂರಿಸಲು ಅದರದೇ ಚೌಕಟ್ಟು. ಎರಡು ಬೆರಳಿನಿಂದ ಅಂಚು ಸವರಿ ನೋಡದೆ ಇವಳು ಒಂದನ್ನೂ ಕೂರಿಸುವುದಿಲ್ಲ. ಪಾಠ ಹೇಗೆ ಗೊತ್ತೇ? ಮೊದಲು "ಇದು ತ್ರಿಕೋನ" ಎನ್ನುತ್ತೇವೆ. ಆಮೇಲೆ "ತ್ರಿಕೋನ ತೋರಿಸು". ಕೊನೆಗೆ "ಇದೇನು?" ಮಗು ತಪ್ಪಿದರೆ ತಿದ್ದುವಂತಿಲ್ಲ; ನಗುತ್ತಾ ಎತ್ತಿಟ್ಟು, ಇನ್ನೊಂದು ದಿನ ಮೊದಲಿನಿಂದ ಶುರು ಮಾಡಬೇಕು. ಮೊನ್ನೆ ಇವಳು "ದೀರ್ಘವೃತ್ತ" ಎಂದಾಗ ಶಾಲೆಯ ಆಯಾ ಪೊರಕೆ ಕೆಳಗಿಟ್ಟು, "ಅಯ್ಯೋ ಇವಳ! ನನಗೇ ನಾಲಿಗೆ ಹೊರಳಲ್ಲ, ಈ ಚೋಟುದ್ದ ಹುಡುಗಿ ಪಟಪಟ ಅಂತಾಳಲ್ಲ!" ಎಂದು ಬಾಯಿ ಮೇಲೆ ಕೈಯಿಟ್ಟಳು.

"ನಾನು ಯಾರು ಅಂತ ಅವಳಿಗೆ ಹೇಳಿಕೊಡು ಅಕ್ಕಾ" ಎಂದು ಬರೆದಿದ್ದೆಯಲ್ಲ. ನಾನು ದೊಡ್ಡಮ್ಮ ಎಂದೇ ಕರೆಸಿಕೊಳ್ಳುತ್ತಿದ್ದೆ, ನನ್ನಾಣೆ. ತೊದಲುವಾಗ 'ದೊಡ್ಡ' ಉದುರಿಹೋಯಿತು, ಮತ್ತೆ ಸೇರಲೇ ಇಲ್ಲ. ಅದಕ್ಕೇ ನಿನ್ನೆ ಮನೆಯಲ್ಲಿ ಚಾಪೆ ಹಾಸಿ, ನಮ್ಮಪ್ಪನ ಫೋಟೋ, ನಿನ್ನ ಫೋಟೋ ಎರಡನ್ನೂ ಇಟ್ಟೆ. "ಇವರು ಅಜ್ಜ. ಇವಳು ನಿನ್ನ ಅಮ್ಮ" ಎಂದೆ. ಫೋಟೋಗಳ ಅಂಚನ್ನೂ ಬಿಡದೆ ಸವರಿದಳು.

"ಅಜ್ಜನ್ನ ತೋರ್ಸು."

ತೋರಿಸಿದಳು.

"ಅಮ್ಮನ್ನ ತೋರ್ಸು."

ಫೋಟೋ ನೋಡಿದಳು, ನನ್ನನ್ನು ನೋಡಿದಳು. ಎದ್ದು ಬಂದು, ಎರಡು ಬೆರಳಿನಿಂದ ನನ್ನ ಕಿವಿಯಿಂದ ಗದ್ದದವರೆಗೆ ನಿಧಾನವಾಗಿ ಸವರಿ, "ಇಲ್ಲೇ ಇದಾಳಲ್ಲ" ಎಂದಳು.

ತಿದ್ದುವಂತಿಲ್ಲವಲ್ಲ, ನಿಯಮ. ಫೋಟೋಗಳನ್ನು ಎತ್ತಿಟ್ಟೆ. ಇನ್ನೊಂದು ದಿನ ಮತ್ತೆ ಶುರು ಮಾಡುತ್ತೇನೆ. ನೀನು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮಾತ್ರೆ ತಪ್ಪಿಸಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಆಯಸ್ಸೂ ನಿನಗಿರಲಿ, ನಗುನಗುತ್ತಾ ನೂರು ಕಾಲ ಬಾಳು.

ನಿನ್ನ
ಅಕ್ಕ

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇಷ್ಟು ಸೇರಿಸುತ್ತಿದ್ದೇನೆ. ನಿಯಮ ಅಂದೆನಲ್ಲ, ಅದು ಸುಳ್ಳು. ಅವಳು ನನ್ನನ್ನು ತೋರಿಸಿದಾಗ ನಾನು ಬಾಯಿ ಬಿಡದೆ ಕೂತದ್ದು ಸಂತೋಷಕ್ಕೆ. ಆ ಪಾಠ ಇನ್ನೊಮ್ಮೆ ನನ್ನಿಂದಾಗದು. ಬೇಗ ಹೊರಟು ಬಾ ತಂಗಿ. ತಡ ಮಾಡಿದರೆ ನಾನು ಅವಳನ್ನು ಕೊಡಲಾರೆ.